ಬಿದ್ದುಹೋದ ಪಿಕ್ಚರ್‌ಗಳನ್ನ ಮಂದಿ ಕೂಡ್ಸಿ ತೋರ್ಸಬೇಕಂದ್ರ ತಯಾರಿ ಹ್ಯಾಂಗ?

ಪ್ರಶ್ನೆ: ಹಿಂದಿನಸಾಲು, ಕಲಬುರಗಿ

ಎಲ್ಲಾರಿಗೂ ಶರಣು.

ಬಂದಾಗ ಮಂದಿನೂ ಹೋಗ್ಲಿಲ್ಲ, ಪೇಪರ್‌ನ್ಯಾಗೂ ಬೈದು ಬರದ್ರು, ವಾರ ತುಂಬೋದ್ರಾಗ ಟಾಕೀಜಿನಿಂದ ಎತ್ತಿಬಿಟ್ರು. ಇಷ್ಟಾದ್ರೂ ಕೆಲವು ಪಿಕ್ಚರ್ ನೋಡಿದವರ ಎದಿಯೊಳಗ ಹಂಗೇ ಕುಂತಿರ್ತಾವ. ಅಂಥವನ್ನ ತಿಂಗಳಿಗೊಂದರಂಗ ದೊಡ್ಡ ಪಡದೆ ಮ್ಯಾಲ ಕೂಡಿ ನೋಡಬೇಕಂತ ಕಲಬುರಗಿಯೊಳಗ ಒಂದು ಗುಂಪು ವಿಚಾರ ಮಾಡ್ಲಿಕತ್ತದ. ‘ಎಷ್ಟು ಕೆಟ್ಟದದ ನೋಡ್ರಿ’ ಅಂತ ನಗಲಿಕ್ಕ ಅಲ್ಲ. ಪ್ರೀತಿಯಿಂದ, ಸರಿಯಾಗಿ ನೋಡಬೇಕು. ಯಾಕ ಬಿತ್ತು ಅಂಬೋದೂ ತಿಳೀಬೇಕು.

ಮೊದಲಿಗೆ ಮನಸಿನ್ಯಾಗ ಇರೋದು ಗುರುದತ್ತರ 1959ರ ‘ಕಾಗಜ್ ಕೆ ಫೂಲ್’. ಮಂದಿ 35ರಿಂದ 40. ಜಾಗ ಎರಡು ಅವ. ಒಂದು ಸೇಡಂ ರಸ್ತೆ ಕಡಿ ಮನಿ ಮಾಳಗಿ, ಕೆಳಗ ಶಹಾಬಾದ್ ಕಲ್ಲು ಹಾಸ್ಯಾರ. ಇನ್ನೊಂದು ಕಾಲೇಜಿನ ಹಳೇ ಹಾಲ್, ಒಳಗ ಮಾತಾಡಿದ್ರ ದನಿ ಗುಂಯ್ ಅಂತದ. ಪ್ರೊಜೆಕ್ಟರ್ ಬಾಡಿಗಿ ತರೋದು.

ಪ್ರೊಜೆಕ್ಟರ್ ಎಂಥಾದು ಬೇಕು, ಪಿಕ್ಚರಿನ ಯಾವ ಪ್ರತಿ ಹಿಡೀಬೇಕು, ಪರ್ಮಿಷನ್ ಯಾರ ಕಡಿಂದ, ಇಂಟರ್‌ವಲ್‌ಗೆ ಅರ್ಧ ಮಂದಿ ಎದ್ದು ಹೋಗದಂಗ ಹ್ಯಾಂಗ ನಡಸಬೇಕು? ಬಲ್ಲವರು ಬಿಡಿಸಿ ಹೇಳ್ರಿ.

ಉತ್ತರ 1: ಬೀದರ್‌ಬೆಳಕು, ಬೀದರ್

ಅಣ್ಣಾರ, ಮೊದಲ ಪಡದೆ ಲೆಕ್ಕ ಹಿಡೀರಿ. ಉಳಿದದ್ದೆಲ್ಲಾ ಅದರ ಹಿಂದ ಬರ್ತದ.

40 ಮಂದಿಗೆ 10 ಅಡಿ ಅಗಲದ ಪಡದೆ ಸಾಕು. ಈಗಿನ ಪ್ರೊಜೆಕ್ಟರಿನ ಚೌಕಟ್ಟು 16:9, ಅಂದ್ರ 10 ಅಡಿ ಅಗಲಕ್ಕ ಎತ್ತರ 5 ಅಡಿ 7 ಇಂಚು. ಆದ್ರ ನೀವು ಹೇಳೋ ಪಿಕ್ಚರ್ ಸಿನಿಮಾಸ್ಕೋಪ್, ಹಿಂದಿಯೊಳಗ ಮೊಟ್ಟಮೊದಲನೇದು. ಅದರ ಅಗಲ ಎತ್ತರದ 2.35 ಪಟ್ಟು. ಹಂಗಾಗಿ 10 ಅಡಿ ಪಡದೆ ಮ್ಯಾಲ ಚಿತ್ರ 4 ಅಡಿ 3 ಇಂಚು ಎತ್ತರ ಅಷ್ಟೇ ಬರ್ತದ, ಮ್ಯಾಲ ಕೆಳಗ 8-8 ಇಂಚು ಕಪ್ಪು ಪಟ್ಟಿ ಉಳೀತದ. ಪಡದೆ ತುಂಬವಲ್ದು ಅಂತ ರಿಮೋಟ್ ಹಿಡಿದು ‘ಜೂಮ್’, ‘ಫುಲ್’, ‘ಸ್ಟ್ರೆಚ್’ ಒತ್ತೋರು ಪ್ರತಿ ಸಲ ಒಬ್ರಾದ್ರೂ ಇರ್ತಾರ. ಒತ್ತಲಿಕ್ಕ ಬಿಡಬ್ಯಾಡ್ರಿ. ಜೂಮ್ ಮಾಡಿದ್ರ ಎರಡೂ ಬದಿ ಕೂಡಿ ಕಾಲು ಭಾಗ ಚಿತ್ರ ಹೊರಗ ಹೋಗ್ತದ. ಸ್ಟ್ರೆಚ್ ಮಾಡಿದ್ರ ಮಂದಿ ಉದ್ದ ಕಾಣ್ತಾರ. ಪರೀಕ್ಷೆ ಸಲೀಸು ಅದ: ಗಡಿಯಾರ, ಬಂಡಿ ಗಾಲಿ ಇರೋ ಶಾಟ್ ಒಳಗ ನಿಲ್ಲಿಸಿ ಟೇಪ್ ಹಿಡಿದು ಅಳೀರಿ, ಅಡ್ಡ ಉದ್ದ ಎರಡೂ ಒಂದೇ ಬರ್ಬೇಕು. ಮ್ಯಾಲಿನ ಕೆಳಗಿನ ಪಟ್ಟಿಗೆ 8 ಇಂಚಿನ ಕರಿ ಬಟ್ಟಿ ಪಿನ್ ಮಾಡಿಬಿಟ್ರ ಪಡದೆ ಪಿಕ್ಚರಿಗೇ ಹೊಲಿಸಿದಂಗ ಆಗ್ತದ, ಕಣ್ಣಿಗೆ ಕಪ್ಪೂ ಇನ್ನಷ್ಟು ಕಪ್ಪಾಗಿ ಕಾಣ್ತದ.

ಬೆಳಕಿನ ಲೆಕ್ಕ ಹಿಂಗ. 10 ಅಡಿ ಪಡದೆ ಅಂದ್ರ 56 ಚದರ ಅಡಿ. ಡಬ್ಬಿ ಮ್ಯಾಲ 3000 ಎಎನ್‌ಎಸ್‌ಐ ಲ್ಯೂಮೆನ್ (ಪ್ರೊಜೆಕ್ಟರ್ ಬೆಳಕಿನ ಅಳತಿ) ಅಂತ ಬರೆದದ್ದು ಸಿನಿಮಾ ಮೋಡಿಗೆ ಹಾಕಿದ್ರ ಹೆಚ್ಚೂಕಡಿಮಿ ಅರ್ಧಕ್ಕ ಇಳೀತದ, 1500 ಅಂತ ಹಿಡೀರಿ. 56ರಿಂದ ಭಾಗಿಸಿದ್ರ ಚದರ ಅಡಿಗೆ 27 ಸಿಗ್ತದ. ಟಾಕೀಜಿನ ಪೂರ್ತಿ ಕತ್ತಲಿಗೆ 14ರಿಂದ 16 ಇದ್ರ ಸಾಕಂತಾರ, ಅಂದ್ರ ಮಾಳಗಿ ಮ್ಯಾಲಿನ ಅರೆಗತ್ತಲಿಗೂ ಇದು ಆಗ್ತದ. ಆನ್‌ಲೈನಿನ್ಯಾಗ ‘10,000 ಲ್ಯೂಮೆನ್’ ಅಂತ ಬರೋ ಸಣ್ಣ ಎಲ್‌ಇಡಿ ಡಬ್ಬಿಗಳಿಗೆ ಬಲಿ ಬೀಳಬ್ಯಾಡ್ರಿ. ಅವುಗಳ ಖರೇ ಬೆಳಕು 200-300 ಎಎನ್‌ಎಸ್‌ಐ ಇರ್ತದ, 56ರಿಂದ ಭಾಗಿಸಿದ್ರ 6 ಸುದ್ದಾ ಬರಲ್ಲ. ಕಪ್ಪು-ಬಿಳುಪು ಪಿಕ್ಚರ್ ಅದರಾಗ ಬೂದಿ-ಬೂದಿ ಕಾಣ್ತದ. ಆಮ್ಯಾಲ ಮಂದಿ ಪಿಕ್ಚರಿಗೇ ಬೈತಾರ, ಡಬ್ಬಿಗೆ ಬೈಯಲ್ಲ.

ಥ್ರೋ (ಪಡದೆ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಅನ್ನೋ ಅಂಕಿ) 1.5 ಇರೋ ಮಷೀನ್ ಆದ್ರ 10 ಅಡಿ ಅಗಲಕ್ಕ 15 ಅಡಿ ಹಿಂದ ಇಡಬೇಕು. ಪಡದೆ ನಡುವಿನ ಗೆರೆಗೆ ನೇರ ಇಡ್ರಿ. ಓರೆ ಇಟ್ಟು ಕೀಸ್ಟೋನ್ ಬಟನ್ ಒತ್ತಿ ಚೌಕ ಮಾಡಿದ್ರ ಚಿತ್ರದ ಚುಕ್ಕಿಗಳೇ ಕಡಿಮಿ ಆಗ್ತಾವ, ಅಕ್ಷರದ ಅಂಚು ಹಲ್ಲು ಹಲ್ಲು ಕಾಣ್ತದ. ಮೊದಲ ಸಾಲು ಪಡದೆಯಿಂದ 12-13 ಅಡಿ ದೂರ, ಕಡೀ ಸಾಲು 30 ಅಡಿ ದಾಟಬಾರದು. ಜಮಖಾನಿ ಮ್ಯಾಲ ಕೂಡ್ರೋದಾದ್ರ ಪಡದೆಯ ಕೆಳ ಅಂಚು ನೆಲದಿಂದ 3 ಅಡಿ, ಕುರ್ಚಿ ಆದ್ರ 4 ಅಡಿ.

ಪಡದೆಗೆ ಫ್ಲೆಕ್ಸ್ ಬ್ಯಾಡ. ಮಿಂಚ್ತದ, ನಡುವ ಒಂದು ಬಿಳೀ ಗುಂಡ ಬೀಳ್ತದ. ದಪ್ಪ ಬಿಳೀ ಬಟ್ಟಿ, ಹಿಂದ ಕರಿ ಬಟ್ಟಿ ಜೋಡಿಸಿದ್ದು ಚಲೋ. ಮಾಳಗಿ ಮ್ಯಾಲ ಗಾಳಿ ಅದ ನೋಡ್ರಿ, ಅಡಿಗೊಂದು ರಿಂಗ್ ಬಡಿಸಿ ನಾಲ್ಕೂ ಕಡಿ ಪೈಪಿಗೆ ಹಗ್ಗದಿಂದ ಬಿಗೀಬೇಕು. ಮ್ಯಾಲಿನ ಅಂಚಿಗಷ್ಟೇ ಕಟ್ಟಿದ್ರ ಪಡದೆ ಹಾಯಿ ಆಗ್ತದ. ಬೀದಿದೀಪ ಪಡದೆ ಬೆನ್ನಿಗೆ ಬರೂಹಂಗ ದಿಕ್ಕು ಆರಿಸ್ಕೋರಿ.

ಮಾಳಗಿ ಕಾರ್ಯಕ್ರಮ ಅಕ್ಟೋಬರ್ ಕಡೀಗೆ ಶುರು ಮಾಡಿ ಫೆಬ್ರವರಿಗೆ ಮುಗಿಸ್ರಿ. ಬ್ಯಾಸಗಿಯೊಳಗ ನಮ್ಮ ಕಡಿ 42 ಡಿಗ್ರಿ ದಾಟ್ತದ. ಶಹಾಬಾದ್ ಕಲ್ಲು ಹಗಲು ಕುಡದ ಕಾವು ರಾತ್ರಿ 9ರ ತನಕ ಬಿಡ್ತಿರ್ತದ. ಭಾಳಷ್ಟು ಪ್ರೊಜೆಕ್ಟರ್‌ಗಳ ಮಿತಿ 35 ಇಲ್ಲಾ 40 ಡಿಗ್ರಿ, ಅದು ದಾಟಿದ್ರ ತಾನೇ ಆಫ್ ಆಗ್ತದ. ಕಲ್ಲಿನ ಮ್ಯಾಲ ನೇರ ಇಡದಂಗ, ಮೇಜಿನ ಮ್ಯಾಲ ಎತ್ತಿ ಇಡ್ರಿ, ಗಾಳಿ ಹೋಗೋ ಜಾಲರಿ ಮುಂದ ಒಂದು ಅಡಿ ಖಾಲಿ ಬಿಡ್ರಿ. ಬ್ಯಾಸಗಿಗೆ ಹೊತ್ತು ಮುಳುಗಿ ಕತ್ತಲಾಗೋದೂ ತಡ, ಆಗ ರಾತ್ರಿ 10ರೊಳಗ ಮುಗಿಸೋದು ಆಗಂಗಿಲ್ಲ.

ಕರೆಂಟ್ ವಿಷಯ. ದೀಪದ ಪ್ರೊಜೆಕ್ಟರ್ 300 ವ್ಯಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 90-100. ಒಟ್ಟು 450. ಮನಿಯ 150 ಎಎಚ್ ಬ್ಯಾಟರಿ, 12 ವೋಲ್ಟ್ ಅಂದ್ರ ಕಾಗದದ ಮ್ಯಾಲ 1800 ವ್ಯಾಟ್-ಗಂಟೆ. ಬ್ಯಾಟರಿ ಪೂರ್ತಿ ಹಿಂಡಲಿಕ್ಕ ಬರಲ್ಲ, ಇನ್ವರ್ಟರ್ ಒಳಗೂ ಸ್ವಲ್ಪ ಸೋರ್ತದ. ಕೈಗೆ ಸಿಗೋದು 900ರ ಆಸುಪಾಸು, ಅಂದ್ರ 2 ಗಂಟೆ. ಇನ್ವರ್ಟರ್ ಹಿಂದ ‘ಯುಪಿಎಸ್ ಮೋಡ್’ ಸ್ವಿಚ್ ಇದ್ರ ಅದಕ್ಕ ಹಾಕ್ರಿ. ಇಲ್ಲಂದ್ರ ಕರೆಂಟ್ ಹೋಗಿ ಬ್ಯಾಟರಿ ಹಿಡಿಯೋದ್ರೊಳಗ ಪ್ರೊಜೆಕ್ಟರ್ ಒಮ್ಮೆ ಸತ್ತು ಮತ್ತ ಏಳ್ತದ. ಬಿಸಿ ದೀಪ ತಣ್ಣಗಾಗದ ಹೊರತು ಹತ್ತಲ್ಲ, ಆ 4-5 ನಿಮಿಷದಾಗ ಮಂದಿಯ ಮನಸು ಪಿಕ್ಚರಿನಿಂದ ಹೊರಗ ಬಂದಿರ್ತದ.

ಹಾಲಿನ ದನಿ ಗುಂಯ್ ಅನ್ನೋದಕ್ಕ ಮದ್ದು ಕೌದಿ. ಖರೇನ. ಹಿಂದಿನ ಗ್ವಾಡಿಗೆ ಮತ್ತ ಎರಡೂ ಬದಿ ಒಟ್ಟು ಹತ್ತು-ಹನ್ನೆರಡು ಕೌದಿ ಇಳಿಬಿಡ್ರಿ, ಗ್ವಾಡಿಗೆ ಅಂಟಿಸದಂಗ ನಾಲ್ಕು ಬೆರಳು ಅಂತರ ಇರ್ಲಿ. ನೆಲಕ್ಕ ಜಮಖಾನಿ. ಸ್ಪೀಕರ್ ಎರಡೂ ಪಡದೆ ಪಕ್ಕ, ಕೂತವರ ಕಿವಿ ಎತ್ತರಕ್ಕ. ಹಳೇ ಪಿಕ್ಚರಿನ ದನಿ ಮೋನೋ ಇರ್ತದ, ಅದಕ್ಕ ‘ಸರೌಂಡ್’, ‘ಹಾಲ್’, ‘ಬಾಸ್ ಬೂಸ್ಟ್’ ಏನೂ ಹಾಕಬ್ಯಾಡ್ರಿ. 100 ಹರ್ಟ್ಜ್ ಕೆಳಗ ಇಳಿಸ್ರಿ, 8000ರ ಮ್ಯಾಲ ಸ್ವಲ್ಪ ಇಳಿಸ್ರಿ, ಸುಯ್ ಅನ್ನೋದು ಹೋಗಿ ಮಾತು ಮುಂದ ಬರ್ತದ.

ಉತ್ತರ 2: ಕೊನೇರೀಲು, ಕಲಬುರಗಿ

ಬೀದರಿನ ಸರ್ ಹೇಳಿದ ಸಿನಿಮಾಸ್ಕೋಪ್ (ಸ್ಕೋಪ್) ಲೆಕ್ಕ ಈ ಚಿತ್ರದ ಜೀವಾಳ. ಯಾಕೆ ಅನ್ನೋದನ್ನು ಒಂದೇ ದೃಶ್ಯ ಇಟ್ಟುಕೊಂಡು ನೋಡೋಣ.

ಗೀತಾ ದತ್ ಹಾಡಿದ ‘ವಕ್ತ್ ನೇ ಕಿಯಾ’ ಹಾಡು. ಖಾಲಿ ಸ್ಟುಡಿಯೋ. ಮೇಲಿಂದ ಓರೆಯಾಗಿ ಒಂದು ಬೆಳಕಿನ ಕೋಲು ಇಳಿದಿದೆ. ಚೌಕಟ್ಟಿನ ಈ ತುದಿಗೆ ವಹೀದಾ ರೆಹಮಾನ್, ಆ ತುದಿಗೆ ಗುರುದತ್. ನಡುವೆ ಏನೂ ಇಲ್ಲ, ಆ ‘ಏನೂ ಇಲ್ಲ’ವೇ ದೃಶ್ಯದ ಮಾತು. ಇಬ್ಬರೂ ನಿಂತಲ್ಲೇ ನಿಂತಿದ್ದಾರೆ, ಅವರೊಳಗಿಂದ ನೆರಳಿನಂಥ ಇನ್ನಿಬ್ಬರು ಎದ್ದು ಆ ಬೆಳಕಿನ ಕಡೆ ನಡೆಯುತ್ತಾರೆ. ಟಿವಿಗಾಗಿ 4:3ಕ್ಕೆ ಕತ್ತರಿಸಿದ ಪ್ರತಿಯಾದರೆ ಅಗಲದಲ್ಲಿ ನೂರಕ್ಕೆ 43 ಭಾಗ ಹೋಗಿರುತ್ತದೆ. ಅಂದರೆ ಇಬ್ಬರಲ್ಲಿ ಒಬ್ಬರು ಹೊರಗೆ. ಉಳಿಯುವುದು ಒಂಟಿ ಮುಖ, ದುಃಖದ ಹಾಡು. ಅಂಥ ಪ್ರತಿಯಲ್ಲಿ ನೋಡಿ ‘ಇದರಲ್ಲೇನಿದೆ’ ಅಂದವರ ಮೇಲೆ ತಪ್ಪು ಹೊರಿಸಲಾಗದು. ಹಾಗಾಗಿ ಫೈಲ್ ಸಿಕ್ಕ ಕೂಡಲೇ ಅಳತೆ ನೋಡಿ. 1920 ಅಗಲಕ್ಕೆ 816ರ ಆಸುಪಾಸು ಎತ್ತರ ಇದ್ದರೆ ಸ್ಕೋಪ್. 1920ಕ್ಕೆ 1080 ಇದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೂ ಸರಿಯೇ. ಪಟ್ಟಿ ಇಲ್ಲದೆ ತುಂಬಿ ನಿಂತಿದ್ದರೆ ಅಂಚು ಹೋಗಿದೆ ಅಂತಲೇ ಅರ್ಥ.

ಆ ಬೆಳಕಿನ ಕೋಲು ಹುಟ್ಟಿದ್ದು ಹೀಗೆ: ಛಾಯಾಗ್ರಾಹಕ ವಿ.ಕೆ. ಮೂರ್ತಿ, ನಮ್ಮ ಮೈಸೂರಿನವರು, ದೊಡ್ಡ ಕನ್ನಡಿಗಳಲ್ಲಿ ಹೊರಗಿನ ಬಿಸಿಲನ್ನೇ ಹಿಡಿದು ಸ್ಟುಡಿಯೋ ಒಳಕ್ಕೆ ತಿರುಗಿಸಿದರು. ಸ್ಟುಡಿಯೋ ದೀಪದ ಬೆಳಕು ಹೋದಂತೆಲ್ಲ ಅಗಲವಾಗುತ್ತದೆ, ಸೂರ್ಯನ ಬೆಳಕು ಹಾಗೆ ಹರಡದೆ ನೆಟ್ಟಗೆ ಬರುತ್ತದೆ. ಅದಕ್ಕೇ ಆ ಕೋಲಿಗೆ ಅಂಥ ಚೂಪು ಅಂಚು. ಚಿತ್ರ ಬಿತ್ತು, ಆದರೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಗುರುದತ್ ಮಾತ್ರ ಆಮೇಲೆ ನಿರ್ದೇಶಕ ಅಂತ ಯಾವ ಚಿತ್ರಕ್ಕೂ ಹೆಸರು ಹಾಕಿಕೊಳ್ಳಲಿಲ್ಲ.

ಯಾಕೆ ಬಿತ್ತು? 1957ರಲ್ಲಿ ‘ಪ್ಯಾಸಾ’ ಗೆದ್ದಿತ್ತು. ಅಲ್ಲಿ ನೊಂದ ಕವಿಯನ್ನು ಜಗತ್ತು ಕೊನೆಗಾದರೂ ಗುರುತಿಸುತ್ತದೆ, ಅವನೇ ಅದಕ್ಕೆ ಬೆನ್ನು ತಿರುಗಿಸಿ ನಡೆಯುತ್ತಾನೆ. ನೋಡುವವರಿಗೆ ಅದರಲ್ಲಿ ಒಂದು ಸಿಟ್ಟಿನ ಸಮಾಧಾನ ಇತ್ತು. ಎರಡು ವರ್ಷದ ಮೇಲೆ ಅದೇ ಕೈಯಿಂದ ಬಂದ ಚಿತ್ರದಲ್ಲಿ ನಾಯಕ ಸಿನಿಮಾ ನಿರ್ದೇಶಕ, ಕಾರು ಬಂಗಲೆ ಇದ್ದವನು, ಕುಡಿದು ಕುಸಿಯುತ್ತಾನೆ, ಯಾರೂ ಎತ್ತುವುದಿಲ್ಲ. ಅವನಿಗಾಗಿ ಯಾಕೆ ಅಳಬೇಕು ಅಂತ ಮಂದಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ನಿಜವಾದ ದೋಷಗಳೂ ಇವೆ. ಜಾನಿ ವಾಕರ್ ಇರುವ ಹಾಸ್ಯದ ಎಳೆ ಕಥೆಗೆ ಅಂಟುವುದೇ ಇಲ್ಲ. ದ್ವಿತೀಯಾರ್ಧದಲ್ಲಿ ಅವನತಿಯ ದೃಶ್ಯಗಳು ಒಂದರ ಮೇಲೊಂದು ಅದೇ ಸ್ವರದಲ್ಲಿ ಬರುತ್ತವೆ. ಇವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡಿ. ಹಾಸ್ಯದ ಭಾಗ ಬಂದಾಗ ‘ಇದೇ ಅದು’ ಅಂತ ಮಂದಿ ತಾಳ್ಮೆ ಇಟ್ಟುಕೊಳ್ಳುತ್ತಾರೆ. ಹೇಳದಿದ್ದರೆ ಚಿತ್ರವೇ ಹಳಿ ತಪ್ಪಿತು ಅಂತ ಫೋನ್ ತೆಗೆಯುತ್ತಾರೆ.

ಪರಿಚಯದ ಮಾತು 4 ನಿಮಿಷ ಮೀರದಿರಲಿ. ಯಾವ ವರ್ಷ, ಆಗ ನೋಡುವವರು ಏನು ಬಯಸಿ ಬಂದಿದ್ದರು, ಇವತ್ತು ಕಣ್ಣು ಎಲ್ಲಿಡಬೇಕು, ಇಷ್ಟೇ. ‘ಇದು ಜಗತ್ತೇ ಅರ್ಥ ಮಾಡಿಕೊಳ್ಳದ ಮೇರುಕೃತಿ’ ಅಂತ ಶುರು ಮಾಡಿದರೆ ಕೂತವರು ಪರೀಕ್ಷೆಗೆ ಕೂತಂತೆ ಆಗುತ್ತಾರೆ, ಇಲ್ಲವೇ ಹಟಕ್ಕೆ ಬೀಳುತ್ತಾರೆ.

ಆಮೇಲೆ ಚೀಟಿ. ಪ್ರತಿಯೊಬ್ಬರಿಗೂ ಅಂಗೈ ಅಗಲದ ಚೀಟಿ, ಒಂದು ಪೆನ್ಸಿಲ್. ಬೇಸರವಾಗಿ ಮನಸ್ಸು ಹೊರಹೋದ ದೃಶ್ಯ ಒಂದು, ಬಿಡಲಾರದೆ ಹಿಡಿದ ದೃಶ್ಯ ಒಂದು ಬರೆಯಲಿ. ಇಂಟರ್‌ವಲ್‌ನಲ್ಲಿ ಒಮ್ಮೆ, ಕೊನೆಗೆ ಒಮ್ಮೆ. 40 ಚೀಟಿಯಲ್ಲಿ 25 ಒಂದೇ ದೃಶ್ಯ ತೋರಿಸಿದರೆ ಅದು ಚಿತ್ರದ್ದೇ ದೋಷ. ಚದುರಿ ಹೋಗಿದ್ದರೆ ದೋಷ ಬೇರೆ ಕಡೆ ಇದೆ: ಶಬ್ದ ಕೇಳಿಸಲಿಲ್ಲ, ಸೆಖೆ, ಭಾಷೆ. ‘ಹೆಂಗಿತ್ತು?’ ಅಂತ ಕೇಳಿದರೆ ‘ಚಲೋ ಇತ್ತು’ ಅಂತ ಎದ್ದು ಹೋಗುತ್ತಾರೆ. ಚೀಟಿ ಓದಿ, ಅದರಲ್ಲಿ ಬಂದ ಒಂದು ದೃಶ್ಯವನ್ನು 3-4 ನಿಮಿಷ ಮತ್ತೆ ಹಾಕಿದರೆ ಮಾತು ತಾನೇ ಹುಟ್ಟುತ್ತದೆ.

ಒಂದು ಭಿನ್ನಾಭಿಪ್ರಾಯ. ಮೊದಲ ತಿಂಗಳಿಗೇ ‘ಕಾಗಜ್ ಕೆ ಫೂಲ್’ ಭಾರವಾದೀತು. ಒಟ್ಟಿಗೆ ನೋಡುವ ರೂಢಿ ಹತ್ತುವ ತನಕ ಹಗುರವಾದದ್ದು ಬೇಕು. 1994ರ ‘ಅಂದಾಜ್ ಅಪ್ನಾ ಅಪ್ನಾ’ ಬಂದಾಗ ಓಡಲಿಲ್ಲ. ಟಿವಿಯಲ್ಲಿ ಮತ್ತೆ ಮತ್ತೆ ಬಂದು, ಮಾತುಗಳು ಬಾಯಿಪಾಠವಾಗಿ, 2025ರಲ್ಲಿ ಮತ್ತೆ ಚಿತ್ರಮಂದಿರಕ್ಕೇ ಬಂತು. ಹಿಂದಿ, ದಖನಿ ಎರಡೂ ಕಿವಿಗೆ ಬಿದ್ದಿರುವ ನಮ್ಮ ಊರಿನಲ್ಲಿ ಅದರ ನಗೆಗೆ ಅನುವಾದ ಬೇಕಿಲ್ಲ. ಎರಡನೆಯದು 1966ರ ‘ತೀಸರಿ ಕಸಮ್’ ಇಡಬಹುದು. ಗೀತರಚನೆಕಾರ ಶೈಲೇಂದ್ರ ಕೈಯಿಂದ ಹಣ ಹಾಕಿ ತೆಗೆದದ್ದು. ಮಂದಿ ಬರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು, ಆಮೇಲೆ ಅದಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಎತ್ತಿನ ಬಂಡಿ, ಸಂತೆ, ನಾಟಕದ ಕಂಪನಿ: ನಮ್ಮ ಕಡೆಯವರಿಗೆ ಪರಿಚಯದ ಲೋಕ. ಮೂರನೆಯ ತಿಂಗಳಿಗೆ ಗುರುದತ್.

‘ಮೇರಾ ನಾಮ್ ಜೋಕರ್’ (1970) ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು 4 ಗಂಟೆ ಮೀರಿದ್ದು, ಎರಡು ಇಂಟರ್‌ವಲ್. ಒಂದೇ ರಾತ್ರಿಗೆ ಹಾಕಬೇಡಿ. ಮೂರು ಅಧ್ಯಾಯದ ಚಿತ್ರ. ಮೊದಲನೆಯದು, ಶಾಲೆಯ ಹುಡುಗ ಮತ್ತು ಟೀಚರ್, ಎಲ್ಲಕ್ಕಿಂತ ಗಟ್ಟಿ. ಶನಿವಾರ ಒಂದು, ಭಾನುವಾರ ಎರಡು ಅಂತ ಹಂಚಿ. ಮೊಟಕು ಮಾಡಿದ ಪ್ರತಿಗಳು ಓಡಾಡುತ್ತವೆ, ಅವಧಿ ನೋಡಿಯೇ ತೆಗೆದುಕೊಳ್ಳಿ.

ಉತ್ತರ 3: ಕೋಟೆಬಾಗಿಲು, ಯಾದಗಿರಿ

ಪರ್ಮಿಷನ್ ವಿಷಯಕ್ಕೆ ಬರ್ತೀನ್ರಿ, ಇದನ್ನ ಕಡೀಗಿಟ್ರ ಆಗಂಗಿಲ್ಲ.

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಲನಚಿತ್ರದ ಹಕ್ಕು, ಅದು ಬಂದ ವರ್ಷದ ಮುಂದಿನ ಜನವರಿಯಿಂದ ಲೆಕ್ಕ ಹಿಡಿದು 60 ವರ್ಷ. 1959ರ ಚಿತ್ರಕ್ಕ 1960ರಿಂದ ಎಣಿಸಿದ್ರ 2019ರ ಡಿಸೆಂಬರ್ 31ಕ್ಕ ಮುಗೀತು. ‘ತೀಸರಿ ಕಸಮ್’ 1966, ಅಂದ್ರ 2026ರ ಕಡೀ ದಿನದ ತನಕ ಹಕ್ಕು ಅದ. 1994ರದ್ದು 2054ರ ತನಕ. ಹಂಗಾಗಿ ಮ್ಯಾಲಿನ ಸರ್ ಹೇಳಿದ ಕ್ರಮ ರುಚಿಗೆ ಸರಿ ಇರಬಹುದು, ಕಾಗದಪತ್ರಕ್ಕ ಉಲ್ಟಾ. ಗುರುದತ್ತರ ಚಿತ್ರವೇ ಎಲ್ಲಕ್ಕಿಂತ ಹಗುರ.

ಆದ್ರ ಹುಷಾರು. ಹಾಡಿನ ಸಂಗೀತ, ಸಾಹಿತ್ಯದ ಹಕ್ಕು ಬ್ಯಾರೆ ಲೆಕ್ಕ, ಅದು ಬರೆದವರು ತೀರಿಕೊಂಡ ಮ್ಯಾಲ 60 ವರ್ಷ. ಈ ಚಿತ್ರಕ್ಕ ಸಂಗೀತ ಕೊಟ್ಟ ಸಚಿನ್ ದೇವ್ ಬರ್ಮನ್ ಹೋದದ್ದು 1975, ಹಾಡು ಬರೆದ ಕೈಫಿ ಆಜ್ಮಿ 2002. ಕಾರ್ಯಕ್ರಮದ ಪ್ರಚಾರಕ್ಕಂತ ಹಾಡು ಕತ್ತರಿಸಿ ಯೂಟ್ಯೂಬ್, ಇನ್‌ಸ್ಟಾಗ್ರಾಂಗೆ ಹಾಕಬ್ಯಾಡ್ರಿ. ಹಾಡು ಇರೋ ಪಿಕ್ಚರ್ ಪೂರ್ತಿ ತೋರಿಸೋದಕ್ಕೂ ಒಮ್ಮೆ ಬಲ್ಲ ವಕೀಲರನ್ನ ಕೇಳಿ ಮುಂದ ಹೋಗ್ರಿ. ಓಟಿಟಿ ಖಾತೆಯಿಂದ ಹಾಕೋದೂ ಬ್ಯಾಡ. ಚಂದಾ ಕಟ್ಟಿದ್ದು ಮನಿಯೊಳಗ ನೋಡಲಿಕ್ಕ, ಸಭೆಗಲ್ಲ. ಡಿವಿಡಿ ಮ್ಯಾಲೂ ಇದೇ ಬರೆದಿರ್ತದ. ಹಕ್ಕು ಇನ್ನೂ ಇರೋ ಚಿತ್ರಕ್ಕ ನಿರ್ಮಾಪಕರು ಇಲ್ಲಾ ಹಕ್ಕು ಕೊಂಡವರಿಂದ ಪತ್ರ ತರಬೇಕು. ಪತ್ರದೊಳಗ ಊರು, ಜಾಗ, ತಾರೀಖು, ಎಷ್ಟು ಆಟ, ಟಿಕೆಟ್ ಅದನೋ ಇಲ್ಲೋ, ಎಷ್ಟು ಮಂದಿ, ಇಷ್ಟು ಸ್ಪಷ್ಟ ಇರ್ಲಿ. ‘ಹಾಕ್ಕೋರಿ’ ಅಂತ ಫೋನಿನ್ಯಾಗ ಅಂದದ್ದು ದಾಖಲೆ ಆಗಲ್ಲ.

ಕಾಲೇಜಿನ ಹಾಲಿಗೆ ಒಂದು ಅನುಕೂಲ ಅದ. ಕಾಯ್ದೆಯ 52ನೇ ಕಲಂನೊಳಗ ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು, ಆ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಮಂದಿಗೆ ಚಿತ್ರ ತೋರಿಸಿದ್ರ ಹಕ್ಕು ಮುರಿದಂಗ ಆಗಲ್ಲ. ‘ಇಷ್ಟೇ ಮಂದಿ’ ಅನ್ನೋ ಮಾತಿನ ಮ್ಯಾಲೇ ಎಲ್ಲಾ ನಿಂತದ. ಗೇಟಿಗೆ ಬ್ಯಾನರ್ ಕಟ್ಟಿ ಊರಿಗೆ ಕರೆದ್ರ ಆ ರಕ್ಷಣೆ ಹೋಗ್ತದ. ಕಾಲೇಜಿನ ಸಿನಿಮಾ ಬಳಗ ಅಂತ ಪ್ರಾಚಾರ್ಯರ ಸಹಿಯ ಒಂದು ಪುಟ ಮಾಡಿಸಿ ಇಟ್ಕೋರಿ.

ಊರ ಮಂದಿಗೇ ತೋರಿಸಬೇಕಂದ್ರ ಫಿಲ್ಮ್ ಸೊಸೈಟಿ ಕಟ್ಟೋದು ಪಕ್ಕಾ ದಾರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಮಂದಿ ಬೇಕು. ಆಮ್ಯಾಲ ಫೆಡರೇಷನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾದ ಸದಸ್ಯತ್ವ. 1959ರಾಗ ಶುರುವಾದ ಒಕ್ಕೂಟ, ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾಗಿದ್ರು. ಚಿತ್ರಗಳು ಸಿಗೋ ದಾರಿ ಅಲ್ಲಿಂದ ಸಲೀಸು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಈಗ ಎನ್‌ಎಫ್‌ಡಿಸಿಯೊಳಗ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರ್ಯದ, ಪತ್ರ ಅಲ್ಲಿಗೆ ಬರೀರಿ.

ಇನ್ನೆರಡು. ಸಾರ್ವಜನಿಕವಾಗಿ ತೋರಿಸೋ ಚಿತ್ರಕ್ಕ ಸೆನ್ಸಾರ್ ಸರ್ಟಿಫಿಕೇಟ್ ಇರಬೇಕು. ‘ಎ’ ಇದ್ರ 18ರ ಕೆಳಗಿನವರು ಬ್ಯಾಡ. ವಿದೇಶಿ ಚಿತ್ರಗಳಿಗೆ ಇಲ್ಲೇ ತೊಡಕು. ಜಾಗದ ಲೈಸೆನ್ಸಿಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಅದ, ಜಿಲ್ಲಾಧಿಕಾರಿ ಕಚೇರಿಯೊಳಗ ಬರವಣಿಗೆಯಲ್ಲೇ ಕೇಳಿ ಉತ್ತರ ತಗೋರಿ. ಮಾಳಗಿ ಮ್ಯಾಲ ಸ್ಪೀಕರ್ ಹಾಕಿದ್ರ ರಾತ್ರಿ 10ಕ್ಕ ಬಂದ್. ಎರಡೂವರೆ ಗಂಟೆ ಪಿಕ್ಚರ್, 10 ನಿಮಿಷ ಇಂಟರ್‌ವಲ್, 20 ನಿಮಿಷ ಮಾತು ಅಂದ್ರ 3 ಗಂಟೆ ಆತು. 6:45ಕ್ಕ ಶುರು ಆಗಲೇಬೇಕು.

ಉತ್ತರ 4: ಆಳಂದನಾಕಾ, ಕಲಬುರಗಿ

ಎಲ್ಲಾ ‘ಬಿದ್ದ ಚಿತ್ರ’ಗಳನ್ನು ಒಂದೇ ಬುಟ್ಟಿಗೆ ಹಾಕಿದರೆ ಪ್ರೀತಿಗೂ ನ್ಯಾಯ ಆಗಲ್ಲ. ಮಂದಿ ಬಾರದೆ ವಿಮರ್ಶಕರು ಮೆಚ್ಚಿದ್ದು ಒಂದು ಜಾತಿ. ವಿಮರ್ಶಕರೇ ಕೊಂದದ್ದು ಇನ್ನೊಂದು: ಇಂಗ್ಲೆಂಡಿನ ಮೈಕೆಲ್ ಪೊವೆಲ್ 1960ರಲ್ಲಿ ‘ಪೀಪಿಂಗ್ ಟಾಮ್’ ತೆಗೆದಾಗ ಪತ್ರಿಕೆಗಳು ಎಷ್ಟು ಹರಿಹಾಯ್ದವೆಂದರೆ ಅಲ್ಲಿ ಅವರ ವೃತ್ತಿಯೇ ಮುರಿದುಬಿತ್ತು. ಮೂರನೆಯದು ಬಂದ ಮೇಲೆ ಕತ್ತರಿ ಬಿದ್ದದ್ದು. ಫ್ರಾನ್ಸಿನ ಜಾನ್ ರೆನ್ವಾರ್ ಅವರ 1939ರ ‘ರೂಲ್ಸ್ ಆಫ್ ದ ಗೇಮ್’ ಚಿತ್ರವನ್ನು ಮಂದಿ ಬೈದರು ಅಂತ ಕತ್ತರಿಸುತ್ತಾ ಬಂದರು. ಮೂಲ ನೆಗೆಟಿವ್ ಯುದ್ಧದ ಬಾಂಬಿಗೆ ಹೋಯಿತು. 1959ರಲ್ಲಿ ಸಿಕ್ಕ ಚೂರುಗಳನ್ನೆಲ್ಲ ಕೂಡಿಸಿ 106 ನಿಮಿಷದ್ದು ಕಟ್ಟಿದರು. ನಾಲ್ಕನೆಯ ಜಾತಿಯೂ ಇದೆ, ನಿಜಕ್ಕೂ ಕೆಟ್ಟದ್ದು. ಅದನ್ನೂ ಪ್ರೀತಿಸಬಹುದು, ಒಂದು ಹಾಡಿಗಾಗಿ, ಒಬ್ಬ ನಟಿಗಾಗಿ. ಆದರೆ ಅದನ್ನು ‘ಅನ್ಯಾಯವಾದ ಚಿತ್ರ’ ಅಂತ ತೋರಿಸಿದರೆ ಮುಂದಿನ ತಿಂಗಳು ಮಂದಿ ನಿಮ್ಮ ಮಾತು ನಂಬಲ್ಲ. ಆ ಸಂಜೆ ಇಡೀ ಚಿತ್ರ ಬೇಡ, ಆ 20 ನಿಮಿಷ ಸಾಕು.

ಕನ್ನಡದ್ದೂ ಒಂದು ಸೇರಿಸಿ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಮೆಚ್ಚಿದವರು ಇದ್ದರು, ಗಲ್ಲಾಪೆಟ್ಟಿಗೆ ತುಂಬಲಿಲ್ಲ. ವರ್ಷ ಕಳೆದಂತೆ ಅದರ ಬಳಗ ಬೆಳೆಯಿತು. ಒಂದೇ ಘಟನೆ, ಹಲವರ ಬಾಯಲ್ಲಿ. ನಮ್ಮ ಭಾಗಕ್ಕೆ ಇರುವ ತೊಂದರೆ ಮಾತಿನದು, ಉಡುಪಿ ಕಡೆಯ ಕನ್ನಡ ಓಡುವ ವೇಗಕ್ಕೆ ಕಲಬುರಗಿಯ ಕಿವಿ ಹಿಂದೆ ಬೀಳುತ್ತದೆ. ಕನ್ನಡ ಚಿತ್ರಕ್ಕೇ ಕನ್ನಡ ಸಬ್‌ಟೈಟಲ್ ಹಾಕಲು ಸಂಕೋಚ ಬೇಡ.

ಪೋಸ್ಟರ್ ವಿಚಾರ: ಎಸ್.ಎಂ. ಪಂಡಿತರ ಊರು ನಮ್ಮದು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದ ಕಲಾವಿದರು. ತಿಂಗಳಿಗೊಂದೇ ಪೋಸ್ಟರ್, ಕೈಯಲ್ಲೇ ಬರೆಸಿ. ಅದರ ಮೇಲೆ ‘ಫ್ಲಾಪ್’ ಅನ್ನೋ ಪದ ಬೇಡ. ವರ್ಷ, ನಿರ್ದೇಶಕ, ಹೊತ್ತು, ಇಷ್ಟು ಸಾಕು.

ಹಿಂದಿನಸಾಲು, ಕಲಬುರಗಿ

ಎಲ್ಲಾರಿಗೂ ಶರಣು ಶರಣಾರ್ಥಿ. ಡಿಸೆಂಬರಿನ್ಯಾಗ ಮಾಳಗಿ ಮ್ಯಾಲ ‘ಕಾಗಜ್ ಕೆ ಫೂಲ್’, ಹಾಲ್ ಕೆಲಸ ಕಾಲೇಜಿನ ಬಳಗದ ಹೆಸರಿನ್ಯಾಗ, ಹಂಗ ಮಾಡ್ತೀವಿ. ಎರಡು ಸಂಶಯ ಉಳಿದಾವ. ಕನ್ನಡ ಸಬ್‌ಟೈಟಲ್ ಹಾಕಿದ್ರ ಒತ್ತಕ್ಷರ ಬಿಡಿಬಿಡಿ ಆಗ್ತಾವ, ಅರ್ಧ ತಾಸಿಗೆ ಮಾತಿಗೂ ಅಕ್ಷರಕ್ಕೂ ತಾಳ ತಪ್ತದ. ಇನ್ನೊಂದು, ಆ ಬೆಳಕಿನ ಕೋಲು ಪಡದೆ ಮ್ಯಾಲ ಬರೇ ಬಿಳೀ ಪಟ್ಟಿ ಕಾಣ್ತದ, ಸುತ್ತ ಎಲ್ಲಾ ಮಸಿ. ಏನು ಮಾಡಬೇಕ್ರಿ?

ಉತ್ತರ 5: ಬೀದರ್‌ಬೆಳಕು, ಬೀದರ್

ಒತ್ತಕ್ಷರದ್ದು ಫಾಂಟಿನ ಜಗಳ. ಎಸ್‌ಆರ್‌ಟಿ ಫೈಲನ್ನ (ಸಬ್‌ಟೈಟಲ್ ಇರೋ ಫೈಲ್) ಸೇವ್ ಮಾಡುವಾಗ ‘ಎನ್‌ಕೋಡಿಂಗ್’ ಕಡಿ ಯುಟಿಎಫ್-8 ಅಂತ ಆರಿಸಿ ಉಳಿಸ್ರಿ, ಪ್ಲೇಯರ್ ಸೆಟ್ಟಿಂಗಿನ್ಯಾಗ ಸಬ್‌ಟೈಟಲ್ ಫಾಂಟ್ ನೋಟೋ ಸಾನ್ಸ್ ಕನ್ನಡ ಅಂತ ಆರಿಸ್ರಿ, ಪ್ಲೇಯರಿನ ಹೊಸ ಆವೃತ್ತಿ ಇರ್ಲಿ. ‘ಸ್ತ್ರೀ’, ‘ರಾಷ್ಟ್ರ’, ‘ಅರ್ಘ್ಯ’ ಈ ಮೂರು ಪದದ ಒಂದು ಸಾಲು ಮೊದಲಿಗೇ ಹಾಕಿ ಪರೀಕ್ಷೆ ಮಾಡ್ರಿ, ಇವು ಸರಿ ಬಂದ್ರ ಉಳಿದದ್ದು ಬರ್ತದ. ಒಂದು ಸಲಕ್ಕ ಎರಡೇ ಸಾಲು, ಸಾಲಿಗೆ 32-35 ಅಕ್ಷರ. ಸ್ಕೋಪ್ ಚಿತ್ರಕ್ಕ ಅಕ್ಷರ ಕೆಳಗಿನ ಕಪ್ಪು ಪಟ್ಟಿಯೊಳಗ ಬೀಳ್ತಾವ. ಅಲ್ಲಿ ಕರಿ ಬಟ್ಟಿ ಪಿನ್ ಮಾಡಿದ್ರ ಅಕ್ಷರ ಬಟ್ಟಿಗೆ ಹೋಗಿ ಕಾಣಲ್ಲ. ಸಬ್‌ಟೈಟಲ್ ಇದ್ದ ದಿನ ಮ್ಯಾಲಿನ ಬಟ್ಟಿ ಅಷ್ಟೇ ಹಾಕ್ರಿ.

ತಾಳ ತಪ್ಪೋದು ಫ್ರೇಮ್ ಲೆಕ್ಕದ್ದು. ಪಿಕ್ಚರ್ ಫೈಲ್ ಸೆಕೆಂಡಿಗೆ 24ಕ್ಕ ತುಸು ಕಡಿಮಿ ಫ್ರೇಮಿನ ಮ್ಯಾಲ ಓಡ್ತದ, ಸಬ್‌ಟೈಟಲ್ 25ರ ಡಿವಿಡಿಗೆ ಕೂಡ್ಸಿದ್ದು ಇರ್ತದ. ಗಂಟೆಗೆ ಎರಡೂವರೆ ನಿಮಿಷ ಫರಕ್ ಬೀಳ್ತದ. ಶುರುವಿಗೆ ಸರಿ ಇದ್ದು ಬರ್ತಾ ಬರ್ತಾ ಜಾರಿದ್ರ ಇದೇ ಅಂತ ತಿಳೀರಿ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದೊಳಗ ಫ್ರೇಮ್ ರೇಟ್ 25ರಿಂದ 23.976ಕ್ಕ ಬದಲಿಸಿದ್ರ ಒಮ್ಮೆಲೇ ಕೂಡ್ತದ. ಶುರುವಿನಿಂದ ಕಡೀತನಕ ಒಂದೇ ಅಂತರ ಇದ್ರ ಅದು ಬ್ಯಾರೆ. ವಿಎಲ್‌ಸಿ ಪ್ಲೇಯರಿನೊಳಗ ಜಿ, ಎಚ್ ಕೀಲಿ ಒತ್ತಿ ಹಿಂದ ಮುಂದ ಸರಿಸಿದ್ರ ಸಾಕು.

ಇನ್ನ ಬೆಳಕಿನ ಕೋಲು. ಬಾಡಿಗಿ ಪ್ರೊಜೆಕ್ಟರ್ ಆಫೀಸಿನ ಕೆಲಸಕ್ಕ ‘ಡೈನಾಮಿಕ್’ ಮೋಡಿನ್ಯಾಗ ಇರ್ತದ. ಅದು ಬಿಳಿಯನ್ನ ಸುಡ್ತದ, ಕಪ್ಪನ್ನ ನುಂಗ್ತದ. ಅದಕ್ಕೇ ಆ ಕೋಲಿನೊಳಗ ತೇಲೋ ಧೂಳೂ ಕಾಣಲ್ಲ, ಬದಿಗೆ ನಿಂತವರ ಬಟ್ಟಿ ಮಡಿಕೆಯೂ ಕಾಣಲ್ಲ. ಸಿನಿಮಾ ಮೋಡಿಗೆ ಹಾಕ್ರಿ, ಕಲರ್ ಸೊನ್ನೆಗೆ ಇಳಿಸ್ರಿ, ಮೋಷನ್ ಸ್ಮೂದಿಂಗ್ ಇದ್ರ ಬಂದ್ ಮಾಡ್ರಿ. ಪ್ರೊಜೆಕ್ಟರ್ ಹಚ್ಚಿ 20 ನಿಮಿಷ ಬಿಟ್ಟು, ಪೂರ್ತಿ ಕತ್ತಲಾದ ಮ್ಯಾಲೇ ಆ ಹಾಡಿನ ದೃಶ್ಯಕ್ಕ ಹೋಗಿ ನಿಲ್ಲಿಸ್ರಿ. ಮೊದಲ ಬ್ರೈಟ್‌ನೆಸ್: ಗುರುದತ್ತರ ಕೂದಲು ಹಿಂದಿನ ಕತ್ತಲೊಳಗ ಕರಗೋ ತನಕ ಇಳಿಸಿ, ಅಲ್ಲಿಂದ ಎರಡು-ಮೂರು ಹೆಜ್ಜಿ ಮ್ಯಾಲ ತರ್ರಿ, ಕೂದಲಿನ ಗೆರೆ ಬಿಡಿಸಿ ಕಾಣಬೇಕು. ಆಮ್ಯಾಲ ಕಾಂಟ್ರಾಸ್ಟ್: ಕೋಲಿನ ನಡುವಿನ ಬಿಳಿ ಚಪ್ಪಟೆ ಆಗೋ ತನಕ ಏರಿಸಿ, ಅಲ್ಲಿಂದ ಇಳಿಸ್ತಾ ಬರ್ರಿ, ಒಳಗ ಧೂಳು ಕಾಣಿಸಿದ ಕೂಡಲೇ ನಿಲ್ಲಿಸ್ರಿ. ಮತ್ತ ಒಮ್ಮೆ ಬ್ರೈಟ್‌ನೆಸ್ ನೋಡ್ರಿ, ಒಂದು ಸರಿ ಮಾಡಿದ್ರ ಇನ್ನೊಂದು ಸ್ವಲ್ಪ ಅಲುಗಾಡಿರ್ತದ.

ಅಷ್ಟೂ ಅಂಕಿ ಒಂದು ಚೀಟಿಗೆ ಬರೆದು ಪ್ರೊಜೆಕ್ಟರಿನ ಬೆನ್ನಿಗೆ ಅಂಟಿಸ್ರಿ. ಕರೆಂಟ್ ಹೋಗಿ ಬಂದ್ರ ಕೆಲವು ಮಷೀನ್ ಡೈನಾಮಿಕ್ ಮೋಡಿಗೇ ಮರಳ್ತಾವ. ಆ ಹಾಡು ಬರೋಕಿಂತ ಮುಂಚೆ ಒಬ್ರು ಎದ್ದು ನೋಡಿಬಿಡ್ರಿ. ಮಿರ್ಚಿ ಭಜಿ ಪೊಟ್ಟಣ ಹಂಚೋದಿದ್ರ ಇಂಟರ್‌ವಲ್‌ಗೇ ಹಂಚಿ ಮುಗಿಸ್ರಿ, ಆ ಹಾಡಿನ ನಡುವ ಕಾಗದದ ಪರಪರ ಬ್ಯಾಡ.